ಆರನೇ ವಾರ್ಡಿನ ತಮಿಳು

ನಾನು ಮೊದಲು ಕಲಿತದ್ದು ನಮಸ್ಕಾರವಲ್ಲ,
‘ನೋಗುದಾ?’
ನೋಯುತ್ತಿದೆಯಾ?

ಎಂಬಿಲಿಪಿಟಿಯದಿಂದ ಕಿಳಿನೊಚ್ಚಿಗೆ ವರ್ಗವಾಗಿ ಬಂದ ರಾತ್ರಿ
ಅಟೆಂಡರ್ ಸೆಲ್ವಕುಮಾರ್ ಹೇಳಿಕೊಟ್ಟ,
ನಾನು ಸಿಂಹಳದ ದುಂಡಕ್ಷರದಲ್ಲಿ ಅಂಗೈಗೆ ಬರೆದುಕೊಂಡೆ.
ದಾದಿಯ ಕೈ, ಗಂಟೆಗೆ ಹತ್ತು ಸಲ ಸೋಪು ಕಾಣುವ ಕೈ.
ಅಳಿಸಿತು, ಬರೆದೆ, ಅಳಿಸಿತು,
ಬೆಳಗಾಗುವಷ್ಟರಲ್ಲಿ ಬಾಯಿಗೆ ಬಂತು.

ವರ್ಷವಿಡೀ ನನ್ನ ತಮಿಳಿಗೆ
ಸೊಂಟವಿತ್ತು, ಮಂಡಿಯಿತ್ತು, ಹೊಟ್ಟೆಯ ಬಲಭಾಗವಿತ್ತು,
ಅಂಗಡಿ ಇರಲಿಲ್ಲ, ಮದುವೆ ಇರಲಿಲ್ಲ.
ಬದನೆಕಾಯಿ ಬೇಕೆಂದರೆ ಬೆರಳು ಚಾಚುತ್ತಿದ್ದೆ.

ಎಲ್ಲಿ ಒತ್ತಿದರೂ ಅವರು ಓಮ್ ಅನ್ನುತ್ತಿದ್ದರು.
ಮಂತ್ರವಲ್ಲ.
ಈ ಕಡೆ ಹೌದು ಅನ್ನುವುದೇ ಹಾಗೆ.

ಹನ್ನೊಂದನೇ ಮಂಚದ ತಂಗರತ್ತಿನಂಗೆ ಎಂಬತ್ತೆರಡು.
ಆಪರೇಷನ್ನಿಗೆ ಮುಂಚೆ ಕಟ್ಟಿಸಿದ ಹಲ್ಲು ತೆಗೆಸಬೇಕು.
ಪಲ್ಲು ಅನ್ನುವಲ್ಲಿ ನಾನು ಪಾಲು ಅಂದೆ,
ಹಾಲು ತೆಗೀರಿ ಅಮ್ಮಾ, ಬೇಗ, ಈ ಬಟ್ಟಲಿಗೆ.
ಅಜ್ಜಿ ಒಮ್ಮೆ ತನ್ನ ಎದೆ ನೋಡಿಕೊಂಡಳು,
ಒಮ್ಮೆ ನನ್ನ ಬಟ್ಟಲು.
‘ಮೂವತ್ತು ವರ್ಷದ ಹಿಂದೆಯಾದರೂ ಬರಬಾರದಿತ್ತೇ?’
ಹೊಲಿಗೆ ಹಾಕಿಸಿಕೊಂಡವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.
ಅಂದಿನಿಂದ ನಾನು ಮಿಸ್ಸಿ ಅಲ್ಲ, ಪಿಳ್ಳೆ.

ಶನಿವಾರ ಸರ್ಕಾರದ ಭಾಷಾ ತರಗತಿ.
ಪಾಸಾದರೆ ಸಂಬಳಕ್ಕೆ ಇಷ್ಟು ಸೇರುತ್ತದೆ.
ಮೇಷ್ಟರು ನಾಲಗೆಯನ್ನು ಚಾಪೆಯ ಹಾಗೆ ಹಿಂದಕ್ಕೆ ಸುತ್ತಿ
ಒಂದೇ ಒಂದು ಅಕ್ಷರವನ್ನು ನಲವತ್ತು ನಿಮಿಷ ಉಚ್ಚರಿಸಿದರು.
ಡ್ಯೂಟಿಯಲ್ಲಿ ಅದನ್ನೇ ಅಭ್ಯಾಸ ಮಾಡುತ್ತಿದ್ದೆ, ಮಾತ್ರೆ ಎಣಿಸುತ್ತ.
‘ಗಂಟಲಿಗೇನಾಯಿತು?’ ಅಂದಳು ತಂಗರತ್ತಿನಂ.
ಮಳೆಗೆ ತಮಿಳು ಮಾತು ಹೇಳುತ್ತಿದ್ದೇನೆ, ಅಮ್ಮಾ.
‘ಅಷ್ಟು ಸುತ್ತುವಷ್ಟರಲ್ಲಿ ನಿಂತೇ ಹೋಗುತ್ತದೆ.
ನಾವಿಲ್ಲಿ ಮಳೈ ಅಂತೀವಿ. ಬರುತ್ತದೆ.’

ಫಾರಂ ತುಂಬಿಸುವಾಗ ಕೇಳಿದೆ, ಮಕ್ಕಳೆಷ್ಟು?
ಮೂವರು.
ಒಬ್ಬಳು ಕೆನಡಾದಲ್ಲಿ, ಒಬ್ಬ ಪರಂದನಿನಲ್ಲಿ ಟೈರ್ ಅಂಗಡಿ.
ಇನ್ನೊಬ್ಬ?
ಇದ್ದಾನೆ.
ಎಲ್ಲಿ?
ಇದ್ದಾನೆ, ಪಿಳ್ಳೆ.
ಪೆನ್ನು ಹಿಡಿದು ನಿಂತೆ. ಪಕ್ಕದ ಮಂಚದವಳು
ಗೋಡೆ ಕಡೆ ತಿರುಗಿ ಮಲಗಿದಳು.

ಪರೀಕ್ಷೆಯಲ್ಲಿ ಐದು ವಾಕ್ಯ ಕೊಟ್ಟಿದ್ದರು,
ಭೂತಕಾಲಕ್ಕೆ ಬದಲಿಸಿ.
ರೈತ ಉಳುತ್ತಾನೆ, ಉತ್ತನು.
ಹಸು ಮೇಯುತ್ತದೆ, ಮೇಯ್ದಿತು.
ಬಸ್ಸು ಬಂತು. ಟೀಚರ್ ಬರೆದರು.
ಐದನೆಯದು: ಮಗ ಮನೆಯಲ್ಲಿ ಇದ್ದಾನೆ.
ಅದಕ್ಕೆ ಪ್ರತ್ಯಯ ನನಗೆ ಗೊತ್ತಿತ್ತು.
ಫ್ಯಾನು ತಿರುಗುತ್ತಿತ್ತು, ಉತ್ತರಪತ್ರಿಕೆಯ ಮೂಲೆ ಏಳುತ್ತಿತ್ತು,
ಕೈಯಿಟ್ಟು ಕೂತೆ ಗಂಟೆ ಹೊಡೆಯುವ ತನಕ.

ರಜೆಗೆ ಊರಿಗೆ ಹೋದೆ.
ಅಮ್ಮನಿಗೆ ದವಡೆ ಊದಿಕೊಂಡಿತ್ತು.
ಟಾರ್ಚು ಹಿಡಿದು ಬಾಯಿ ತೆರೆಸಿ, ಬೆರಳಿಂದ ಒತ್ತಿ,
ಅಭ್ಯಾಸಬಲ, ಕೇಳಿಯೇಬಿಟ್ಟೆ:
ನೋಗುದಾ?

ಏನಂದೆ? ಅಂದಳು ಅಮ್ಮ, ಬಾಯಿ ತೆರೆದೇ.

ಹೊರಗೆ ಜಗಲಿಯಲ್ಲಿ ಅಣ್ಣ
ಪ್ಲಾಸ್ಟಿಕ್ಕಿನ ಕಾಲನ್ನು ಬಿಚ್ಚಿ ಬಿಸಿಲಿಗೆ ಒರಗಿಸಿ
ಮಂಡಿಗೆ ಪೌಡರು ಹಾಕಿಕೊಳ್ಳುತ್ತಿದ್ದ.
ಆ ಕಾಲು ಎಲ್ಲಿ ಹೋಯಿತೆಂದು
ಹದಿನಾಲ್ಕು ವರ್ಷದಲ್ಲಿ ಅವನು ಊರಿನ ಹೆಸರು ಹೇಳಿಲ್ಲ.
ನಾನು ಕೆಲಸ ಮಾಡುವ ಊರಿನ ಹೆಸರನ್ನೂ ಕೇಳಿಲ್ಲ.

ತಲೆ ಎತ್ತದೆ,
ಡಬ್ಬಿಯ ಮುಚ್ಚಳ ತಿರುಗಿಸುತ್ತ,
ಅಂದ:
ಓಮ್.